ಹದಿನೇಳಕ್ಕನ ಮುದ್ರೆ

ಆ ಕಾರ್ಖಾನೆಯ ಪಾಲಿಶ್ ವಿಭಾಗದಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ರೂಢಿಯಿಲ್ಲ. ಕೆಲಸ ಕಲಿತು, ಪರೀಕ್ಷೆ ಪಾಸಾಗಿ, ಕೈಗೆ ಸ್ವಂತ ಮುದ್ರೆ ಬಂದ ದಿನವೇ ಹುಟ್ಟಿದ ಹೆಸರು ಗೇಟಿನ ಹೊರಗೆ ಉಳಿದುಬಿಡುತ್ತದೆ. ಮುದ್ರೆಯೆಂದರೆ ಹೆಬ್ಬೆರಳ ಗಾತ್ರದ ಒಂದು ರಬ್ಬರ್ ಸ್ಟ್ಯಾಂಪು. ತುದಿಯಲ್ಲೊಂದು ಸಣ್ಣ ವೃತ್ತ, ವೃತ್ತದೊಳಗೆ ಒಂದು ನಂಬರು. ವಿಮಾನಕ್ಕೆ ಸೇರುವ ಯಾವ ಭಾಗವನ್ನು ಉಜ್ಜಿ ಮುಗಿಸಿದರೂ ಅದರ ಜೊತೆ ಬಂದ ಕಾರ್ಡಿನ ಮೇಲೆ ಈ ನಂಬರನ್ನು ಒತ್ತಬೇಕು. ಒತ್ತಿದರೆ, ಇದನ್ನು ನಾನೇ ಮಾಡಿದ್ದು, ಸರಿಯಾಗಿ ಮಾಡಿದ್ದು ಎಂದು ಮಾತು ಕೊಟ್ಟ ಹಾಗೆ. ಆ ವಿಮಾನ ಹಾರುವಷ್ಟು ವರ್ಷವೂ ಕಾರ್ಡನ್ನು ಜೋಪಾನವಾಗಿ ಇಟ್ಟಿರುತ್ತಾರೆ.

ಹಾಗಾಗಿ ಅಲ್ಲಿ ಐದಣ್ಣ ಅಂತ ಒಬ್ಬರಿದ್ದರು, ಇಪ್ಪತ್ತಾರಮ್ಮ ಇದ್ದರು. ನಾನು ಹೇಳಹೊರಟಿರುವ ಹೆಂಗಸಿನ ನಂಬರು ಹದಿನೇಳು. ಬಂದ ಹೊಸದರಲ್ಲಿ ಬರೀ ಹದಿನೇಳು, ಕೂದಲು ನೆರೆಯುತ್ತ ಹದಿನೇಳಕ್ಕ.

‘ನಿಮಗೆ ವಯಸ್ಸೇ ಆಗಲ್ಲ ನೋಡಿ ಅಕ್ಕಾ, ಸೇರಿದಾಗ್ಲೂ ಹದಿನೇಳು, ಈಗ್ಲೂ ಹದಿನೇಳು’ ಎಂದು ಪಕ್ಕದ ಕೋಣೆಯ ಗುಂಡಣ್ಣ ತಮಾಷೆ ಮಾಡುತ್ತಿದ್ದ. ನಿಜವಾದ ವಯಸ್ಸು ಐವತ್ತೊಂದು. ಆ ನಂಬರಿನಲ್ಲಿ ಇಪ್ಪತ್ತೆರಡು ವರ್ಷ.

ಅವಳು ಅಲ್ಲಿಗೆ ಬಂದಿದ್ದು ಕಸ ಗುಡಿಸುವುದಕ್ಕೆ. ಉಜ್ಜುವ ಮೇಜುಗಳ ಮೇಲೆ ದಿನಕ್ಕೆ ಒಂದು ಬೊಗಸೆ ಬೂದುಬಣ್ಣದ ಪುಡಿ ಬೀಳುತ್ತದೆ. ಅದನ್ನು ಒರೆಸಿ ಡಬ್ಬಿಗೆ ತುಂಬಬೇಕು. ಒಂದು ದಿನ ಹಾಗೆ ಒರೆಸುತ್ತಿದ್ದವಳು, ಮೇಜಿನ ಮೇಲಿದ್ದ ಒಂದು ಭಾಗವನ್ನು ಎತ್ತಿಕೊಂಡು ಆಗಿದ್ದ ದೊಡ್ಡ ಮೇಸ್ತ್ರಿಯ ಹತ್ತಿರ ಹೋಗಿ, ‘ಇದರಲ್ಲಿ ಏನೋ ಒಂದು ಗೆರೆ ಇದೆ’ ಎಂದಳು. ಮೇಸ್ತ್ರಿ ದೀಪದ ಕೆಳಗೆ ಹಿಡಿದು ನೋಡಿದರು, ಕಾಣಲಿಲ್ಲ. ಕನ್ನಡಕ ಒರೆಸಿಕೊಂಡು ನೋಡಿದರು, ಆಗಲೂ ಕಾಣಲಿಲ್ಲ. ‘ಎಲ್ಲಿ ನೋಡ್ದೆ ನೀನು?’ ಎಂದು ಕೇಳಿದರು. ‘ನೋಡಲಿಲ್ಲ, ಒರೆಸ್ತಾ ಇದ್ದಾಗ ಉಗುರಿಗೆ ಸಿಕ್ತು’ ಎಂದಳು. ಮರುವಾರದಿಂದ ಪೊರಕೆ ಬೇರೆಯವರ ಕೈಗೆ ಹೋಯಿತು. ದೇವರು ಕೆಲವರಿಗೆ ಕಂಠ ಕೊಟ್ಟಿರುತ್ತಾನೆ, ಕೆಲವರಿಗೆ ಲೆಕ್ಕ ಕೊಟ್ಟಿರುತ್ತಾನೆ. ಇವಳಿಗೆ ಒಂದು ಉಗುರು ಕೊಟ್ಟಿದ್ದ.

ಅವಳ ಕೆಲಸದ ಕ್ರಮ ಹೀಗೆ. ಭಾಗ ಕೈಗೆ ಬಂದ ಕೂಡಲೇ ಅದರ ಮೇಲೆ ‘ಹಾ’ ಎಂದು ಉಸಿರು ಬಿಡುತ್ತಾಳೆ. ತಣ್ಣನೆಯ ಲೋಹದ ಮೇಲೆ ಮಬ್ಬು ಕಟ್ಟುತ್ತದೆ, ಆ ಮಬ್ಬು ಆರುವ ಹೊತ್ತಿಗೆ ಯಂತ್ರ ಕೊರೆದ ಗೀರುಗಳು ಎಳೆ ಎಳೆಯಾಗಿ ತೋರುತ್ತವೆ. ಆಮೇಲೆ ಉಜ್ಜುಪುಡಿ ಅಂಟಿಸಿದ ಎಮರಿ ಬಟ್ಟೆ, ಒರಟಿನಿಂದ ನಯಕ್ಕೆ ನಾಲ್ಕು ಬಗೆ. ಉಜ್ಜುವುದೆಲ್ಲ ಉದ್ದಕ್ಕೆ, ಅಡ್ಡಕ್ಕೆ ಒಂದು ಎಳೆತವೂ ಕೂಡದು. ಕೊನೆಗೆ ಕಣ್ಣು ಮುಚ್ಚಿ ಬಲಗೈ ತೋರುಬೆರಳಿನ ಉಗುರನ್ನು ಲೋಹದ ಮೇಲೆ ಹಗುರವಾಗಿ ಎಳೆಯುತ್ತಾಳೆ. ಉಗುರು ಎಲ್ಲೂ ತಡೆಯದಿದ್ದರೆ ಮುದ್ರೆ ಒತ್ತುತ್ತಾಳೆ. ಒಂಬತ್ತು ಬೆರಳಿನ ಉಗುರನ್ನು ಬುಡಕ್ಕೆ ಕತ್ತರಿಸಿ ಆ ಒಂದನ್ನು ಮಾತ್ರ ಅಕ್ಕಿಕಾಳಿನಷ್ಟು ಬೆಳೆಯಲು ಬಿಟ್ಟಿರುತ್ತಾಳೆ.

ಮನೆಯಲ್ಲಿ ಅತ್ತೆಗೆ ಈ ಉಗುರು ಒಂದು ದಿನವೂ ಸರಿಬಂದಿದ್ದಿಲ್ಲ. ಆ ಮುದುಕಿಗೆ ಎಂಬತ್ತು ದಾಟಿದ್ದರೂ ನಾಲಿಗೆಗೆ ಮಾತ್ರ ಮುಪ್ಪು ಬಂದಿರಲಿಲ್ಲ. ‘ವಿಮಾನಾನ ಫಳಫಳ ಅನ್ನಿಸ್ತಾಳಂತೆ, ನನ್ನ ಚೊಂಬು ನೋಡಿ, ಯಾವುದೋ ಕಾಲದ್ದು ಅಗೆದು ತೆಗೆದ ಹಾಗಿದೆ’ ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳು.

‘ಅಷ್ಟು ಉಜ್ಜಿ ಆಮೇಲೆ ಬಣ್ಣ ಬಳೀತಾರೆ ಅಂತೀಯ. ಬಣ್ಣ ಬಳಿಯೋದಾದ್ರೆ ಉಜ್ಜೋದ್ಯಾಕೆ?’ ಎಂದು ಒಮ್ಮೆ ಕೇಳಿದಳು.

‘ಅತ್ತೆ, ಬಟ್ಟೆ ಅಂಗಡಿಯವನು ಥಾನಿನಿಂದ ಬಟ್ಟೆ ಹರಿಯೋದು ನೋಡಿದೀರಲ್ಲ. ಮೊದಲು ಅಂಚಿಗೆ ಕತ್ತರಿ ತಾಗಿಸಿ ಒಂದೇ ಒಂದು ಸಣ್ಣ ಕಚ್ಚು ಮಾಡ್ತಾನೆ. ಆಮೇಲೆ ಪರ್ ಅಂತ ಎಳೆದ್ರೆ ಉದ್ದಕ್ಕೂ ಹರಿಯುತ್ತೆ. ಆ ಕಚ್ಚಿಲ್ಲದೆ ಹರಿ ಅಂದ್ರೆ ಪೈಲ್ವಾನನಿಗೂ ಆಗಲ್ಲ. ನನ್ನ ಕೆಲಸ ಆ ಕಚ್ಚು ಇಲ್ಲದ ಹಾಗೆ ಮಾಡೋದು.’

ಅತ್ತೆ ತನ್ನ ಚೊಂಬಿನ ಕಡೆ ನೋಡಿದಳು. ‘ಚೊಂಬು ಹರಿಯಲ್ಲ ಅಂತ ಬಿಟ್ಟಿದೀಯ ಹಾಗಾದ್ರೆ’ ಎಂದಳು.

ಈ ಉಜ್ಜಿದ ಭಾಗಗಳು ಅವಳ ಮೇಜಿನಿಂದ ನೇರವಾಗಿ ಬಣ್ಣಕ್ಕೆ ಹೋಗುವುದಿಲ್ಲ. ನಡುವೆ ಗುಂಡಣ್ಣನ ಕೋಣೆಯಿದೆ. ಅವನದು ಪೀನಿಂಗ್ ಕೆಲಸ. ಕಬ್ಬಿಣದ ದೊಡ್ಡ ಪೆಟ್ಟಿಗೆಯೊಳಗೆ ಭಾಗವನ್ನು ಇಟ್ಟು ಬಾಗಿಲು ಮುಚ್ಚಿದರೆ, ಸಾಸಿವೆಗಿಂತ ಸಣ್ಣ ಉಕ್ಕಿನ ಗುಂಡುಗಳು ಗಾಳಿಯ ರಭಸಕ್ಕೆ ಆಲಿಕಲ್ಲಿನ ಹಾಗೆ ಬಂದು ಬಡಿಯುತ್ತವೆ. ಮಣ್ಣಿನ ನೆಲವನ್ನು ದಿಮ್ಮಸು ಹಾಕಿ ಬಡಿದರೆ ಮೇಲ್ಪದರ ಬಿಗಿಯಾಗುವುದಿಲ್ಲವೆ, ಹಾಗೆ ಲೋಹದ ಮೈಗೆ ಒಂದು ಗಟ್ಟಿ ತೊಗಲು ಬರುತ್ತದೆ. ಒಂದೆರಡು ಕೂದಲೆಳೆಯಷ್ಟು ದಪ್ಪದ ತೊಗಲು, ಅಷ್ಟೇ. ಆಕಾಶದಲ್ಲಿ ಸಾವಿರ ಸಲ ಬಗ್ಗಿ ಎದ್ದರೂ ಬಿರುಕು ಬಿಡದಂತೆ ಕಾಯುವುದು ಅದೇ. ಆ ಕೋಣೆಯಿಂದ ಹೊರಬಂದ ಮೇಲೆ ಭಾಗವನ್ನು ಉಜ್ಜಬಾರದು, ಕೆರೆಯಬಾರದು. ಏನಾದರೂ ತಾಗಿ ಗುರುತಾದರೆ ಕೆಂಪು ಚೀಟಿ ಕಟ್ಟಿ ತಪಾಸಣೆಯವರನ್ನು ಕರೆಯಬೇಕು. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೇ ಇದೆ.

‘ನೀವು ಎರಡು ದಿನ ಕೂತು ಮದುವೆ ಹೆಣ್ಣಿನ ಹಾಗೆ ಸಿಂಗಾರ ಮಾಡ್ತೀರಿ, ನಾನು ಹತ್ತು ನಿಮಿಷದಲ್ಲಿ ಮುಖಕ್ಕೆಲ್ಲ ಸಿಡುಬು ಬರಿಸಿ ಕಳಿಸ್ತೀನಿ’ ಎನ್ನುತ್ತಿದ್ದ ಗುಂಡಣ್ಣ. ಅವನ ನಂಬರು ಮೂವತ್ತಮೂರು. ಆದರೆ ದಿನವೆಲ್ಲ ಗುಂಡುಗಳ ನಡುವೆ ಇರುವವನೆಂದು ಗುಂಡಣ್ಣನೇ ಆಗಿದ್ದ.

‘ನಿನ್ನ ಕೈಗೆ ಸಿಕ್ಕಿದ್ದು ಇನ್ನು ಹೇಗಿರುತ್ತೆ ಕಣಪ್ಪ’ ಎನ್ನುತ್ತಿದ್ದಳು ಹದಿನೇಳಕ್ಕ.

ಆ ಶನಿವಾರ ಸಂಜೆ ಐದಕ್ಕೆ ಇನ್ನು ಹದಿನೈದು ನಿಮಿಷವಿತ್ತು. ಅವಳು ಮೇಜು ಒರೆಸಿ, ಚೀಲ ಹೆಗಲಿಗೆ ಹಾಕಿಕೊಂಡಿದ್ದಳು; ಮೈಮೇಲಿನ ಏಪ್ರನ್ ಮಾತ್ರ ಇನ್ನೂ ಬಿಚ್ಚಿರಲಿಲ್ಲ. ಗುಂಡಣ್ಣ ಬಾಗಿಲಿನಿಂದ ತಲೆ ಹೊರಗೆ ಹಾಕಿದ.

‘ಅಕ್ಕಾ, ಹೋಗ್ತಾ ಈ ಟ್ರೇ ತೊಳೆಯೋ ಕೋಣೆ ಬಾಗಿಲಲ್ಲಿ ಇಟ್ಟುಬಿಡ್ತೀರಾ? ನನಗಿನ್ನೂ ಪೆಟ್ಟಿಗೆ ಬರಿದು ಮಾಡೋದಿದೆ.’

ಟ್ರೇಯಲ್ಲಿ ಹದಿನೆಂಟು ಕೊಂಡಿಗಳಿದ್ದವು. ವಿಮಾನದ ಚಕ್ರ ಒಳಗೆ ಸೇರಿದ ಮೇಲೆ ಮುಚ್ಚಿಕೊಳ್ಳುವ ಬಾಗಿಲಿಗೆ ಬೇಕಾದ, ಮೊಣಕೈಯಂತೆ ಮಡಿಚಿದ ಆಕಾರದ, ಹಗುರ ಲೋಹದ ಕೊಂಡಿಗಳು. ಮೂರು ವಾರ ಪಾಲಿಶ್ ವಿಭಾಗದ ಎಲ್ಲರೂ ಕೂತು ಉಜ್ಜಿದ್ದವು. ಅವಳ ಕೈಯಿಂದಲೇ ಏಳು ಹೋಗಿದ್ದವು. ಅವಳು ಹತ್ತಿಯ ಕೈಗವಸು ಹಾಕಿಕೊಂಡು ಟ್ರೇ ಎತ್ತಿಕೊಂಡಳು. ತೊಳೆಯುವ ಕೋಣೆಯ ಮುಂದೆ ಇಳಿಸುವಾಗ ಬಾಗಿಲ ಬೆಳಕು ಓರೆಯಾಗಿ ಬಿದ್ದು ಒಂದು ಕೊಂಡಿಯ ಒಳಮಡಿಕೆಯಲ್ಲಿ ಒಂದು ಹೊಳಪಿನ ಗೆರೆ ಕಂಡಿತು. ಟ್ರೇಯ ತಂತಿ ತಾಗಿದ್ದಿರಬೇಕು, ಕಣ್ಣಿನ ರೆಪ್ಪೆಯಷ್ಟು ಉದ್ದ.

ಅವಳ ಏಪ್ರನ್ ಜೇಬಿನಲ್ಲಿ ನಯವಾದ ಎಮರಿ ಬಟ್ಟೆಯ ತುಂಡು ಯಾವಾಗಲೂ ಇರುತ್ತದೆ. ಇಪ್ಪತ್ತೆರಡು ವರ್ಷ ಗೆರೆ ಕಂಡಲ್ಲೆಲ್ಲ ಓಡಿದ ಕೈ. ಅವಳು ಯೋಚಿಸಿದಳೆಂದು ಹೇಳುವಂತಿಲ್ಲ. ಕೊಂಡಿ ಎಡಗೈಗೆ ಬಂತು, ಬಟ್ಟೆ ಬಲಗೈಗೆ ಬಂತು, ಉದ್ದಕ್ಕೆ ಹತ್ತು ಎಳೆತ. ಗೆರೆ ಹೋಯಿತು. ಕೊಂಡಿಯನ್ನು ಟ್ರೇಯಲ್ಲಿ ಇಟ್ಟಳು, ಗಂಟೆ ಹೊಡೆಯಿತು, ಬಸ್ಸಿಗೆ ಓಡಿದಳು.

ಮನೆಯಲ್ಲಿ ಗಂಡ ಆಗಲೇ ಬಂದು ಸ್ನಾನ ಮುಗಿಸಿ ಕೂತಿದ್ದ. ಅವನದು ಮನೆಗಳಿಗೆ ಬಣ್ಣ ಬಳಿಯುವ ಕೆಲಸ. ಕಿವಿಯ ಹಿಂದೆ ಯಾವ ಬಣ್ಣ ಉಳಿದಿದೆ ಎಂದು ನೋಡಿ ಆ ದಿನ ಯಾರ ಮನೆ ಎಂದು ಅವಳು ಹೇಳಬಲ್ಲಳು. ಆವತ್ತು ಅವನ ಮುಖ ಸಿಂಡರಿಸಿತ್ತು.

‘ನಿನ್ನೆ ಇಡೀ ದಿನ ಆ ಗೋಡೆ ತಿಕ್ಕಿ ತಿಕ್ಕಿ ಹದ ಮಾಡಿಟ್ಟು ಬಂದಿದ್ದೆ ಕಣೇ. ಇವತ್ತು ಹೋಗಿ ನೋಡಿದ್ರೆ ಆ ಮನೆ ಯಜಮಾನಿ ಒದ್ದೆ ಬಟ್ಟೆ ತಗೊಂಡು ಗೋಡೆ ಪೂರ್ತಿ ನುಣ್ಣಗೆ ಒರೆಸಿಬಿಟ್ಟಿದ್ದಾಳೆ. ಧೂಳಿತ್ತು, ಚೊಕ್ಕ ಮಾಡ್ದೆ ಅಂತಾಳೆ! ಇನ್ನು ಅದರ ಮೇಲೆ ಬಣ್ಣ ನಿಲ್ಲಲ್ಲ. ನಾನು ಮಾಡಿದ್ದನ್ನೆಲ್ಲ ಪ್ರೀತಿಯಿಂದ ಹಾಳು ಮಾಡಿಟ್ಟಿದ್ಲು.’

ಅವಳು ತಟ್ಟೆ ಇಡುತ್ತಿದ್ದವಳು ಹಾಗೇ ನಿಂತಳು.

‘ಏನೇ?’

‘ಏನಿಲ್ಲ ರೀ.’

ತಟ್ಟೆಯ ಅಂಚನ್ನು ಅವಳ ಬೆರಳು ಉದ್ದಕ್ಕೆ ಸವರುತ್ತಿತ್ತು. ಹತ್ತು ಎಳೆತ. ಪೀನಿಂಗ್ ಆದ ಮೇಲೆ. ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಹೇಳಿಕೊಡುವ ಮಾತು ಅದು; ಅವಳೇ ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದಳು. ಮಲಗುವ ಮೊದಲು ಎಂದಿನಂತೆ ಕಣ್ಣು ಮುಚ್ಚಿ ಕೈ ಮುಗಿದಳು, ಆದರೆ ಬೇಡುವುದಕ್ಕೆ ಏನೂ ತೋಚಲಿಲ್ಲ. ‘ನೋಡಿದೆಯಲ್ಲ’ ಎಂದಷ್ಟೇ ಅಂದುಕೊಂಡಳು.

ಭಾನುವಾರ ತೊಳೆಯುವ ಕೋಣೆಗೆ ರಜೆಯಿಲ್ಲ. ಅವಳು ಮನೆಯಲ್ಲಿ ಬಟ್ಟೆ ಹಿಂಡುತ್ತಿದ್ದ ಹೊತ್ತಿಗೆ ಅಲ್ಲಿ ಹದಿನೆಂಟು ಕೊಂಡಿಗಳೂ ತೆಳುವಾದ ಆಮ್ಲದ ತೊಟ್ಟಿಯಲ್ಲಿ ಮುಳುಗಿ, ನೀರಿನಲ್ಲಿ ಜಾಲಾಡಿ, ಒಂದೇ ಬೂದುಬಣ್ಣಕ್ಕೆ ತಿರುಗಿರುತ್ತವೆ. ಉಜ್ಜಿದ ಜಾಗದ ಹೊಳಪೂ ಹೋಗಿರುತ್ತದೆ. ಸೋಮವಾರ ಮಧ್ಯಾಹ್ನ ಬಣ್ಣ. ಬಣ್ಣ ಬಿದ್ದ ಮೇಲೆ ಅದನ್ನು ಹುಡುಕಲು ಯಾರಿಂದಲೂ ಆಗದು.

ಹೇಳಿದರೆ ಏನಾಗುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಮುದ್ರೆ ಕಿತ್ತುಕೊಳ್ಳುತ್ತಾರೆ. ಮೂರು ತಿಂಗಳು ತೊಳೆಯುವ ಕೋಣೆ, ಆಮೇಲೆ ಮತ್ತೆ ಪರೀಕ್ಷೆ. ಪಾಸಾದರೂ ಹಳೆಯ ನಂಬರು ಬರುವುದಿಲ್ಲ; ಹೋದ ನಂಬರನ್ನು ಯಾರಿಗೂ ಕೊಡುವ ಹಾಗಿಲ್ಲ. ತಪಾಸಣೆ ಸಾಹೇಬರ ಬೀರುವಿನ ಮೇಲಿನ ಖಾನೆಯಲ್ಲಿ ಒಂದು ತಗಡಿನ ಪೆಟ್ಟಿಗೆಯಿದೆ. ಒಂಬತ್ತು, ಇಪ್ಪತ್ತೆರಡು, ಮೂವತ್ತು, ಎಲ್ಲ ಅದರೊಳಗೆ ಮಲಗಿವೆ. ಅವರೆಲ್ಲ ಆಮೇಲೆ ಏನಾದರು, ಅವರನ್ನು ಏನೆಂದು ಕರೆದರು, ಯಾರಿಗೂ ನೆನಪಿಲ್ಲ.

ಪ್ರತಿ ಭಾನುವಾರ ಅತ್ತೆಯ ಉಗುರು ಕತ್ತರಿಸುವುದು ಅವಳ ಕೆಲಸ. ಮುದುಕಿಯ ಪಾದವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ‘ನಿಂದೂ ಒಂದು ಕತ್ತರಿಸ್ಕೋ, ಹದ್ದಿನ ಉಗುರು ಇದ್ದ ಹಾಗಿದೆ’ ಎಂದಳು ಅತ್ತೆ.

‘ನಾಳೆಯಿಂದ ಅದರ ಕೆಲಸ ಇರಲ್ಲವೇನೋ ಅತ್ತೆ’ ಎಂದು ಶುರು ಮಾಡಿದವಳು ಪೂರ್ತಿ ಹೇಳಿಬಿಟ್ಟಳು. ಗಂಡ ಬಾಗಿಲ ಹತ್ತಿರ ಕುಂಚ ತೊಳೆಯುತ್ತಿದ್ದವನು ನೀರು ನಿಲ್ಲಿಸಿ ಕೇಳಿದ.

‘ಯಾರಾದ್ರೂ ನೋಡಿದ್ರಾ?’ ಎಂದ.

‘ಇಲ್ಲ.’

‘ಅಷ್ಟಕ್ಕೇ ಮುರಿದುಹೋಗುತ್ತಾ ಅದು?’

‘ಹೋಗದೇ ಇರಬಹುದು. ಇಪ್ಪತ್ತು ವರ್ಷ ಚೆನ್ನಾಗೇ ಇರಬಹುದು. ಗೊತ್ತಿಲ್ಲ ರೀ. ಗೊತ್ತಿಲ್ಲ ಅನ್ನೋದಕ್ಕೇ ಅಲ್ವಾ ಆ ನಿಯಮ ಇರೋದು.’

ಅವನು ಮತ್ತೆ ಕುಂಚ ತೊಳೆಯತೊಡಗಿದ. ಅತ್ತೆ ಕಾಲು ಹಿಂದಕ್ಕೆ ಎಳೆದುಕೊಂಡಳು.

‘ಆ ವಿಮಾನದಲ್ಲಿ ಕೂರೋರು ನಿಂಗೆ ಗೊತ್ತೇನೇ?’

‘ಇಲ್ಲ ಅತ್ತೆ.’

‘ಅವರಿಗೆ ನೀನು ಗೊತ್ತಾ?’

‘ಅವರಿಗೆ ಹೇಗೆ ಗೊತ್ತಾಗುತ್ತೆ.’

‘ಹಾಗಾದ್ರೆ ಹೇಳ್ಬಿಡು. ಗೊತ್ತಿರೋರಾದ್ರೆ ಮನೆ ಬಾಗಿಲಿಗೆ ಹೋಗಿ ತಪ್ಪಾಯ್ತು ಅನ್ಬಹುದಿತ್ತು. ಇವರನ್ನ ಎಲ್ಲಿ ಅಂತ ಹುಡುಕಿ ಕೇಳ್ತೀಯ?’ ಎಂದು ಕಾಲನ್ನು ಮತ್ತೆ ಮಡಿಲಿಗೆ ಇಟ್ಟಳು. ‘ಕಿರುಬೆರಳು ಉಳಿದಿದೆ. ನಿಧಾನಕ್ಕೆ ಕತ್ತರಿಸು, ಹೋದ ಸಲ ರಕ್ತ ಬರ್ಸಿದ್ದೆ.’

ಸೋಮವಾರ ಬೆಳಿಗ್ಗೆ ಗೇಟಿನ ಹತ್ತಿರ ಗುಂಡಣ್ಣ ಸಿಕ್ಕ. ಟ್ರೇ ಅವನ ಕೋಣೆಯದು, ಅವನಿಗೆ ಮೊದಲು ಹೇಳದೆ ಹೋಗುವುದು ಸರಿಯಲ್ಲ ಎಂದುಕೊಂಡು ನಡೆದದ್ದನ್ನು ಹೇಳಿದಳು. ಅವನ ಮುಖದಲ್ಲಿದ್ದ ನಗೆ ಇಳಿದುಹೋಯಿತು.

‘ಅಕ್ಕಾ, ಸುಮ್ನಿರಿ. ಹತ್ತು ಸಲ ಉಜ್ಜಿದ್ರೆ ವಿಮಾನ ಬೀಳುತ್ತಾ? ಬಣ್ಣ ಬಿದ್ಮೇಲೆ ನಮ್ಮಪ್ಪ ಎದ್ದು ಬಂದ್ರೂ ಕಂಡುಹಿಡಿಯಕ್ಕಾಗಲ್ಲ.’

‘ಅದೇ ಕಣಪ್ಪ ನಂಗೂ ಭಯ.’

‘ಸ್ಟ್ಯಾಂಪು ಹೋಗುತ್ತೆ.’

‘ಹ್ಞೂಂ.’

‘ಹದಿನೇಳು ಇಲ್ದೆ ನಿಮ್ಮನ್ನ ಏನು ಅಂತ ಕರೀಬೇಕು ನಾವು?’ ಎಂದ. ಅವನು ತಮಾಷೆ ಮಾಡಲು ನೋಡಿದ್ದು, ಆದರೆ ತಾನೂ ನಗಲಿಲ್ಲ.

ತಪಾಸಣೆ ಸಾಹೇಬರನ್ನು ಹಿಂದಿನಿಂದ ಎಲ್ಲರೂ ಭೂತಗನ್ನಡಿ ಎನ್ನುತ್ತಿದ್ದರು. ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಗಾಜೊಂದು ಅವರ ಕೊರಳಲ್ಲಿ ದಾರದಿಂದ ಸದಾ ನೇತಾಡುತ್ತಿತ್ತು. ಅವರು ಅವಳ ಮಾತನ್ನು ಕೊನೆಯವರೆಗೆ ಕೇಳಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು ಅವಳಿಗೆ.

‘ನೀವಾ ಹದಿನೇಳು?’ ಎಂದರು ಕೊನೆಗೆ. ‘ನೀವೇನಾ?’

‘ಕೈ ಮುಂದೆ ಹೋಗ್ಬಿಡ್ತು ಸಾರ್.’

ಹದಿನೆಂಟು ಕೊಂಡಿಗಳನ್ನೂ ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಸಾಲಾಗಿ ಇಡಿಸಿದರು. ಗಾಜು ಕಣ್ಣಿಗೆ ಒತ್ತಿಕೊಂಡು ಒಂದೊಂದನ್ನೇ ನೋಡಿದರು. ಒಂದು ಗಂಟೆಯಾಯಿತು. ಆಮ್ಲ ತನ್ನ ಕೆಲಸ ಮಾಡಿತ್ತು. ಎಲ್ಲ ಒಂದೇ ತಾಯಿಯ ಮಕ್ಕಳ ಹಾಗಿದ್ದವು. ಸೂಜಿಯ ಯಂತ್ರವಿತ್ತು, ಮೇಲ್ಮೈ ಎಷ್ಟು ನಯ ಎಂದು ಅಳೆಯುವುದು. ಆದರೆ ಅದು ಒಂದು ಸಲಕ್ಕೆ ಅಳೆಯುವುದು ಅಕ್ಕಿಕಾಳಿನ ಉದ್ದದ ಜಾಗವನ್ನು ಮಾತ್ರ. ಹದಿನೆಂಟು ಕೊಂಡಿಯ ಒಳಮಡಿಕೆಯನ್ನೆಲ್ಲ ಅಳೆಯಲು ಹೊರಟರೆ ವಾರಗಟ್ಟಲೆ ಹಿಡಿಯುತ್ತದೆ.

‘ಯಾವುದು ಅಂತ ಗೊತ್ತಾಗದೇ ಇದ್ರೆ ಹದಿನೆಂಟಕ್ಕೂ ಕೆಂಪು ಬಣ್ಣ ಬಳಿದು ಎಸೀಬೇಕು’ ಎಂದರು ಸಾಹೇಬರು. ಬಾಗಿಲಲ್ಲಿ ಐದಣ್ಣ, ಇಪ್ಪತ್ತಾರಮ್ಮ ಬಂದು ನಿಂತಿದ್ದರು. ಅವರ ಮೂರು ವಾರವೂ ಆ ಮೇಜಿನ ಮೇಲೇ ಇತ್ತು. ಗುಂಡಣ್ಣ ಅವರ ಹಿಂದೆ ಗೋಡೆಗೆ ಒರಗಿದ್ದ.

‘ಸಾರ್, ನಾನು ಒಂದು ಸಲ ನೋಡ್ತೀನಿ’ ಎಂದಳು ಅವಳು. ‘ಕೈಗವಸು ತೆಗೀಬೇಕಾಗುತ್ತೆ.’

ತೊಳೆದ ಲೋಹವನ್ನು ಬರಿಗೈಯಲ್ಲಿ ಮುಟ್ಟಿದರೆ ಬೆರಳಿನ ಜಿಡ್ಡು ಹತ್ತುತ್ತದೆ, ಬಣ್ಣ ಹಿಡಿಯುವುದಿಲ್ಲ. ಸಾಹೇಬರು ಒಂದು ಕ್ಷಣ ಯೋಚಿಸಿದರು. ‘ಮುಟ್ಟಿ. ಎಲ್ಲಾ ಮತ್ತೆ ತೊಳೆಸೋಣ. ಆದ್ರೆ ನಿಮ್ಮ ಉಗುರನ್ನ ನಾನು ಪುಸ್ತಕದಲ್ಲಿ ಬರೆಯಕ್ಕಾಗಲ್ಲ. ಜಾಗ ತೋರಿಸಿ, ಸೂಜಿ ಇಟ್ಟು ನೋಡ್ತೀನಿ.’

ಅವಳು ಕೈ ತೊಳೆದು ಒರೆಸಿಕೊಂಡು ಕೂತಳು. ಕಣ್ಣು ಮುಚ್ಚಿದಳು. ಪೀನಿಂಗ್ ಆದ ಮೈಯ ಮೇಲೆ ಉಗುರು ಎಳೆದರೆ ಬಹಳ ಸಣ್ಣಗೆ ಒಂದು ಕರಕರ ಇರುತ್ತದೆ. ಕಿವಿಗೆ ಕೇಳುವುದಿಲ್ಲ, ಬೆರಳ ಗಿಣ್ಣಿಗೆ ಕೇಳುತ್ತದೆ. ಒಂದು, ಎರಡು, ಮೂರು. ಎಂದಿನ ಅಭ್ಯಾಸದಂತೆ ಮಡಿಕೆಯ ಒಳಗೂ ಹೊರಗೂ ಉಗುರು ನಡೆಯಿತು. ಆರನೆಯದರ ಒಳಮಡಿಕೆಗೆ ಬಂದಾಗ ಕರಕರ ನಿಂತಿತು. ಹುರುಳಿಕಾಳಿನಷ್ಟು ಜಾಗ. ಆಚೆಗೆ ಹೋದರೆ ಮತ್ತೆ ಶುರುವಾಯಿತು.

‘ಇದು’ ಎಂದಳು.

ಸಾಹೇಬರು ಅಲ್ಲಿ ಸೂಜಿ ಇಟ್ಟರು. ಕಾಗದದ ಮೇಲೆ ಗೆರೆ ಏರಿಳಿಯುತ್ತ ಬಂದು ಒಂದು ಕಡೆ ಚಪ್ಪಟೆಯಾಯಿತು. ಐದಣ್ಣ ಜೋರಾಗಿ ಉಸಿರು ಬಿಟ್ಟರು. ಇಪ್ಪತ್ತಾರಮ್ಮ ‘ದೇವರೇ’ ಎಂದು ಎದೆ ಮುಟ್ಟಿಕೊಂಡರು.

‘ಸಾಕು’ ಎಂದರು ಸಾಹೇಬರು. ‘ಸಿಕ್ತಲ್ಲ. ಏಳಿ.’

‘ಶುರು ಮಾಡಿದ್ದು ಮುಗಿಸಿಬಿಡ್ತೀನಿ ಸಾರ್.’ ಅವಳಿಗೆ ಅನುಮಾನವೇನೂ ಇರಲಿಲ್ಲ. ಸಾಲಿನಲ್ಲಿ ಇಟ್ಟಿದ್ದನ್ನು ಅರ್ಧಕ್ಕೆ ಬಿಟ್ಟು ಏಳುವ ಅಭ್ಯಾಸ ಇರಲಿಲ್ಲ, ಅಷ್ಟೇ. ಏಳು, ಎಂಟು, ಒಂಬತ್ತು. ಹಿಂದೆ ನಿಂತವರು ಮೆಲ್ಲಗೆ ಮಾತಾಡಲು ಶುರು ಮಾಡಿದರು. ಹದಿಮೂರನೆಯದರ ಹೊರಮೈಯಲ್ಲಿ ಉಗುರು ಥಟ್ಟನೆ ಮೌನವಾಯಿತು.

ಅವಳು ಕಣ್ಣು ತೆರೆಯಲಿಲ್ಲ. ಉಗುರನ್ನು ಹಿಂದಕ್ಕೆ ತಂದಳು, ಮತ್ತೆ ಎಳೆದಳು. ಮೌನ. ಇದು ಅವಳು ಮುಟ್ಟಿದ ಜಾಗವಲ್ಲ. ಒಳಮಡಿಕೆ ಬಿಟ್ಟು ಬೇರೆಲ್ಲೂ ಅವಳ ಬಟ್ಟೆ ತಾಗಿರಲಿಲ್ಲ. ಸುಮ್ಮನೆ ಹದಿನಾಲ್ಕಕ್ಕೆ ಹೋಗಿಬಿಟ್ಟರೆ ಕೇಳುವವರಿಲ್ಲ. ಹೇಳಿದರೆ, ಒಂದು ಅಂದವಳು ಎರಡು ಉಜ್ಜಿದ್ದಾಳೆ ಅನ್ನುತ್ತಾರೆ. ಇಲ್ಲ ನಾನಲ್ಲ ಎಂದರೆ, ಮತ್ತೆ ಯಾರು ಎಂಬ ಮಾತು ಬರುತ್ತದೆ.

‘ಏನಾಯ್ತು?’ ಎಂದರು ಸಾಹೇಬರು.

‘ಇಲ್ಲೂ ಒಂದಿದೆ ಸಾರ್.’

ಸೂಜಿ ಇಟ್ಟರು. ಗೆರೆ ಚಪ್ಪಟೆಯಾಯಿತು, ಮೊದಲಿನದಕ್ಕಿಂತ ಅಗಲವಾಗಿ.

‘ಒಂದೇ ಅಂದಿದ್ರಿ.’

‘ನಾನು ಉಜ್ಜಿದ್ದು ಒಂದೇ ಸಾರ್. ಇದು ಹೇಗೆ ಅಂತ ನಂಗೆ ಗೊತ್ತಿಲ್ಲ.’

‘ಹಾಗಾದ್ರೆ?’

ಅವಳು ಕೊಂಡಿಯನ್ನೇ ನೋಡುತ್ತಿದ್ದಳು. ಯಾರ ಕಡೆಗೂ ತಲೆ ಎತ್ತಲಿಲ್ಲ. ಬಾಗಿಲ ಹತ್ತಿರ ಯಾರೋ ಗಂಟಲು ಸರಿಮಾಡಿಕೊಂಡ ಸದ್ದಾಯಿತು.

‘ಅದು ನಂದು ಸಾರ್’ ಎಂದ ಗುಂಡಣ್ಣ. ಐದಣ್ಣನನ್ನು ದಾಟಿಕೊಂಡು ಮುಂದೆ ಬಂದ. ‘ಶುಕ್ರವಾರ ಪೆಟ್ಟಿಗೆಯಿಂದ ತೆಗೀವಾಗ ಬಾಗಿಲಿಗೆ ತಾಗ್ತು. ಗುರುತು ಬಿತ್ತು. ಅಕ್ಕ ಊಟಕ್ಕೆ ಹೋಗಿದ್ರು, ಅವರ ಡಬ್ಬಿಯಿಂದ ಒಂದು ತುಂಡು ಬಟ್ಟೆ ತಗೊಂಡು ಉಜ್ಜಿಬಿಟ್ಟೆ.’

‘ಅವರ ಹಾಗೆ ಮರೆತು ಉಜ್ಜಿದ್ದಾ?’

‘ಇಲ್ಲ ಸಾರ್. ಗೊತ್ತಿದ್ದೇ.’ ಅವನು ಅವಳ ಕಡೆ ನೋಡಿದ. ‘ಬೆಳಿಗ್ಗೆ ಗೇಟಲ್ಲಿ ನಿಮಗೆ ಸುಮ್ನಿರಿ ಅಂದೆನಲ್ಲ ಅಕ್ಕಾ, ನಿಮಗೋಸ್ಕರ ಅಲ್ಲ ಅದು.’

ಪಕ್ಕದಲ್ಲಿದ್ದ ಮುಕ್ಕಾಲಿಯನ್ನು ಕಾಲಿನಿಂದ ಅವನ ಕಡೆಗೆ ತಳ್ಳಿದಳು. ಅವನು ಕೂತ. ಅವಳು ಮತ್ತೆ ಕಣ್ಣು ಮುಚ್ಚಿ ಹದಿನಾಲ್ಕನೆಯದನ್ನು ಎತ್ತಿಕೊಂಡಳು. ಹದಿನೆಂಟರವರೆಗೂ ಮುಗಿಸಿದಳು. ಇನ್ನೇನೂ ಇರಲಿಲ್ಲ.

ಮಧ್ಯಾಹ್ನ ಎರಡು ಕೊಂಡಿಗಳಿಗೆ ಕೆಂಪು ಬಣ್ಣ ಬಳಿದು ಗರಗಸದಲ್ಲಿ ಎರಡು ಹೋಳು ಮಾಡಿದರು. ಹದಿನಾರು ಮತ್ತೆ ತೊಟ್ಟಿಗೆ ಹೋದವು. ಸಾಹೇಬರು ಬೀರು ತೆಗೆದು ತಗಡಿನ ಪೆಟ್ಟಿಗೆ ಇಳಿಸಿದರು. ಹದಿನೇಳಕ್ಕ ಜೇಬಿನಿಂದ ಮುದ್ರೆ ತೆಗೆದು, ಅಭ್ಯಾಸದಂತೆ ಅದರ ಮುಖವನ್ನು ಬಟ್ಟೆಯಿಂದ ಒರೆಸಿ ಕೊಟ್ಟಳು. ಇಪ್ಪತ್ತೆರಡು ವರ್ಷದಲ್ಲಿ ಏಳರ ತಲೆ ಸವೆದು ಒಂದರ ಹಾಗೆ ಕಾಣುತ್ತಿತ್ತು. ಪಕ್ಕದಲ್ಲಿ ಮೂವತ್ತಮೂರು ಬಿತ್ತು. ಗುಂಡಣ್ಣನಿಗೆ ಆರು ತಿಂಗಳು ಅಂದರು, ಅವಳಿಗೆ ಮೂರು.

‘ನೀವು ಬಂದು ಹೇಳಿದ್ದನ್ನೂ ಬರೆದಿದ್ದೀನಿ’ ಎಂದರು ಸಾಹೇಬರು, ಪುಸ್ತಕ ಮುಚ್ಚುತ್ತ. ‘ಬರೆದ್ರೂ ನಿಯಮ ನಿಯಮವೇ.’

‘ಹೌದು ಸಾರ್’ ಎಂದಳು.

ತೊಳೆಯುವ ಕೋಣೆಯ ಮೂರು ತಿಂಗಳು ಅವಳಿಗೆ ಅಷ್ಟೇನೂ ಕಷ್ಟವಾಗಲಿಲ್ಲ. ಅಲ್ಲಿ ಭಾಗ ಚೊಕ್ಕವಾಯಿತೇ ಎಂದು ನೋಡುವುದಕ್ಕೆ ಮೇಲಿನಿಂದ ನೀರು ಬಿಡುತ್ತಾರೆ. ಜಿಡ್ಡಿದ್ದರೆ ನೀರು ಒಡೆದು ಹನಿಹನಿಯಾಗಿ ನಿಲ್ಲುತ್ತದೆ. ಚೊಕ್ಕವಾಗಿದ್ದರೆ ಎಲ್ಲೂ ಒಡೆಯದೆ ಒಂದೇ ಪದರವಾಗಿ ಹಾಸಿಕೊಳ್ಳುತ್ತದೆ. ಹಾಗೆ ಹಾಸಿಕೊಂಡ ನೀರನ್ನು ನೋಡುತ್ತ ನಿಲ್ಲುವುದು ಅವಳಿಗೆ ಹಿಡಿಸಿತು. ಮೊದಲ ವಾರ ಬೇರೆಯವರು ಅವಳನ್ನು ಕರೆಯಬೇಕಾದಾಗ ‘ಇವರೇ’, ‘ಅಮ್ಮಾ’ ಎಂದು ತಡವರಿಸಿದರು. ಅದೊಂದು ಮಾತ್ರ ಪ್ರತಿ ಸಲವೂ ಚುಚ್ಚುತ್ತಿತ್ತು. ಗ್ಲಾಸಿಗೆ ಟೀ ಹಾಕುವವನು ಕೂಡ ‘ಹದಿ...’ ಎಂದು ನಾಲಿಗೆ ಕಚ್ಚಿಕೊಂಡ. ಗುಂಡಣ್ಣ ತೊಟ್ಟಿಯ ಇನ್ನೊಂದು ಕಡೆ ಇದ್ದ. ಅವನು ಆ ಮೂರು ತಿಂಗಳೂ ಅವಳನ್ನು ಏನೆಂದೂ ಕರೆಯಲಿಲ್ಲ. ಎದುರು ಬಂದು ನಿಂತು ಮಾತಾಡುತ್ತಿದ್ದ.

ಮೂರು ತಿಂಗಳು ಕಳೆದು ಪರೀಕ್ಷೆ ಬರೆದಳು, ಒಂದು ಭಾಗ ಉಜ್ಜಿ ತೋರಿಸಿದಳು. ಹೊಸ ಮುದ್ರೆ ಬಂತು. ಅರವತ್ತನಾಲ್ಕು. ಮನೆಗೆ ಬಂದು ಹೇಳಿದಾಗ ಅತ್ತೆ ಕಣ್ಣು ಅಗಲ ಮಾಡಿದಳು.

‘ಹದಿನೇಳರಿಂದ ಒಂದೇ ಏಟಿಗೆ ಅರವತ್ನಾಲ್ಕಾ! ಇನ್ನೊಂದು ತಪ್ಪು ಮಾಡಿದ್ರೆ ನನ್ನ ವಯಸ್ಸಿಗೆ ಬಂದ್ಬಿಡ್ತೀಯ ಕಣೇ.’

ಗಂಡ ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡ. ಅವಳೂ ನಕ್ಕಳು. ಬಹಳ ದಿನದ ಮೇಲೆ ಆ ಮನೆಯಲ್ಲಿ ಮೂವರೂ ಒಟ್ಟಿಗೆ ನಕ್ಕಿದ್ದು. ಆ ರಾತ್ರಿ ಕೈ ಮುಗಿದಾಗ ಹೇಳುವುದಕ್ಕೆ ಮಾತು ಸಿಕ್ಕಿತು.

ಮರುದಿನ ಹಳೆಯ ಮೇಜಿನ ಮುಂದೆ ಕೂತು ಒಂದು ಕೊಂಡಿಯ ಮೇಲೆ ಉಸಿರು ಬಿಟ್ಟಳು. ಮಬ್ಬು ಆರುವುದನ್ನು ನೋಡುತ್ತಿದ್ದಾಗ ಹಿಂದಿನಿಂದ ಕೂಗು ಬಂತು.

‘ಹದಿನೇಳಕ್ಕಾ!’

ಎಲ್ಲರೂ ತಿರುಗಿದರು. ಗುಂಡಣ್ಣ ತೊಳೆಯುವ ಕೋಣೆಯ ಬಾಗಿಲಲ್ಲಿ ನಿಂತಿದ್ದ, ಎರಡೂ ಕೈಯಲ್ಲಿ ಒಂದು ಟ್ರೇ ಹಿಡಿದು. ಅವನಿಗೆ ಇನ್ನೂ ಮೂರು ತಿಂಗಳು ಉಳಿದಿತ್ತು. ಅದೇ ಹೊತ್ತಿಗೆ ತಪಾಸಣೆ ಸಾಹೇಬರು ಆ ಕಡೆಯಿಂದ ಹಾದುಹೋಗುತ್ತಿದ್ದರು.

‘ಆ ನಂಬರು ಈಗಿಲ್ಲ’ ಎಂದರು, ನಡೆಯುತ್ತಲೇ.

‘ನಂಬರು ನಿಮ್ಮ ಬೀರುವಿನಲ್ಲಿದೆ ಸಾರ್’ ಎಂದ ಗುಂಡಣ್ಣ. ‘ಅಕ್ಕ ಇಲ್ಲೇ ಇದ್ದಾರಲ್ಲ.’

ಸಾಹೇಬರು ನಿಂತರು. ಏನೋ ಅನ್ನಲು ಹೊರಟು ಅವರ ಕಣ್ಣು ಟ್ರೇಯ ಕಡೆ ಹೋಯಿತು. ಒಂದು ಕೊಂಡಿಗೆ ಕೆಂಪು ಚೀಟಿ ಕಟ್ಟಿತ್ತು.

‘ಏನದು?’

‘ತಂತಿ ತಾಗಿದೆ ಸಾರ್. ಇಷ್ಟೇ ಇಷ್ಟು. ನಾನು ಮುಟ್ಟಿಲ್ಲ, ಇವರೂ ಮುಟ್ಟೋ ಹಾಗಿಲ್ಲ. ನಿಮ್ಮನ್ನ ಕರೆಯೋಕೇ ಬಂದೆ, ಅಕ್ಕನಿಗೆ ಬರೀ ತೋರಿಸಿ ಹೋಗೋಣ ಅಂತ.’

ಸಾಹೇಬರು ಕೊರಳಿನ ಗಾಜನ್ನು ಕಣ್ಣಿಗೆ ಒತ್ತಿಕೊಂಡು ಟ್ರೇಯ ಮೇಲೆ ಬಾಗಿದರು. ಹದಿನೇಳಕ್ಕ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಪಕ್ಕದಲ್ಲಿ ನಿಂತು ನೋಡಿದಳು.